ಒಲೆಯ ಬಾಯಲ್ಲಿ ಕೂತಿದ್ದವಳು

ಇದನ್ನು ಹೇಳಬೇಕು ಹೇಳಬೇಕು ಎಂದುಕೊಂಡೇ ಇಷ್ಟು ವರ್ಷ ಮುಂದೂಡಿಬಿಟ್ಟೆ. ಹೋದ ವಾರ ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹೊರಗೆ ಯಾರೋ ಚಳಿಗೆ ಹಳೇ ಟೈರಿನ ತುಂಡಿಗೆ ಬೆಂಕಿ ಹಚ್ಚಿ ಕೈ ಕಾಯಿಸಿಕೊಳ್ಳುತ್ತಿದ್ದರು. ಆ ವಾಸನೆ ಮೂಗಿಗೆ ಬಡಿಯಿತು. ನನ್ನ ಬಸ್ಸು ಬಂದು ಹೋದರೂ ಹತ್ತಲಿಲ್ಲ... ಕಂಬ ಹಿಡಿದು ನಿಂತೇ ಇದ್ದೆ.

ಅಕ್ಕಿಹೆಬ್ಬಾಳಿನ ಹತ್ತಿರ ನನ್ನದೊಂದು ಆಲೆಮನೆ ಇತ್ತು. ಗಾಣದಲ್ಲಿ ಕಬ್ಬು ಅರೆದು, ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ಮಾಡುತ್ತಿದ್ದೆವು. ಒಲೆಗೆ ಉರಿ ಹಾಕುತ್ತಿದ್ದವಳು ಪಕ್ಕದ ಮನೆಯ ಹೆಂಗಸು. ಗಂಡ ತೀರಿಕೊಂಡಿದ್ದ. ನಾನು ತಂಗಿ ಎನ್ನುತ್ತಿದ್ದೆ, ಅವಳು ಅಣ್ಣ ಎನ್ನುತ್ತಿದ್ದಳು. ಒಲೆಯ ಬಾಯಿ ನೆಲಕ್ಕಿಂತ ಕೆಳಗೆ, ಗುಂಡಿಯಲ್ಲಿ. ಅಲ್ಲಿ ಕೂತರೆ ಅವಳ ತಲೆ ಮಾತ್ರ ಕಾಣುತ್ತಿತ್ತು. ಹೊಗೆ ಹೊರಗೆ ಹೋಗುವ ಮುಂಚೆ ಅವಳನ್ನು ಒಂದು ಸುತ್ತು ಹಾಕಿಯೇ ಹೋಗುತ್ತಿತ್ತು.

ಹಾಲು ಹಿಂಡಿದ ಕಬ್ಬಿನ ಸಿಪ್ಪೆಗೆ ನಮ್ಮಲ್ಲಿ ರಚ್ಚು ಎನ್ನುತ್ತೇವೆ. ಅದನ್ನು ಒಣಗಿಸಿ ಒಲೆಗೆ ಹಾಕುವುದು ಪದ್ಧತಿ. ಒಂದು ಮಳೆಗಾಲ ರಚ್ಚು ಒಣಗಲೇ ಇಲ್ಲ. ಕಬ್ಬಿನ ಹಾಲನ್ನು ಕಾಯಿಸದೆ ಇಟ್ಟರೆ ಹುಳಿಯುತ್ತದೆ. ಆಗ ಹೆದ್ದಾರಿಯ ಪಂಕ್ಚರ್ ಅಂಗಡಿಗಳಿಂದ ಸವೆದ ಟೈರುಗಳನ್ನು ಟ್ರಾಕ್ಟರಿನಲ್ಲಿ ತಂದು ಸುರಿಸಿದೆ. ಬೇರೆ ಆಲೆಮನೆಯವರೂ ಹಾಕುತ್ತಿದ್ದರು. ಟೈರು ಭಗ್ಗನೆ ಉರಿಯಿತು. ಬಿಸಿಲು ಬಂದ ಮೇಲೂ ನಾನು ಅದನ್ನು ಬಿಡಲಿಲ್ಲ.

ಅವಳು ಸೆರಗು ನೆನೆಸಿ ಮೂಗಿಗೆ ಕಟ್ಟಿಕೊಳ್ಳುತ್ತಿದ್ದಳು. ಒಂದು ದಿನ ಮೇಲೆ ಬಂದು ಬೇಲಿಯ ಪಕ್ಕ ಉಗಿದು, “ನೋಡಣ್ಣ, ನಿನ್ ಬೆಲ್ಲ ಚಿನ್ನದಂಗೆ ಬತ್ತದೆ, ನನ್ ಉಗುಳು ಕಾಡಿಗೆಯಂಗೆ ಬತ್ತದೆ. ಈ ಟೈರು ಬುಟ್ಬುಡು,” ಎಂದಳು.

“ಹೊಗೆಸೊಪ್ಪು ಅಗೀತೀಯಲ್ಲ, ಅದ್ಕೇ ಕಣಮ್ಮಿ. ಟೈರಿಗ್ಯಾಕೆ ಬೈತೀಯ?” ಎಂದೆ.

ಪಾಕ ತಿರುವುತ್ತಿದ್ದವನು ನಕ್ಕ. ಅವಳೂ ನಕ್ಕಳು. ನಗುತ್ತಿರುವಾಗಲೇ ಕೆಮ್ಮು ಬಂತು...

ಕೆಮ್ಮು ಹೋಗಲಿಲ್ಲ. ಕೆಲವು ವರ್ಷಗಳಲ್ಲಿ, ಮಾತಿನ ನಡುವೆ ನಿಂತು ಉಸಿರು ಎಳೆಯುವಂತಾದಳು. ನಾನೇ ಕೆ.ಆರ್. ಪೇಟೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆ ಪರೀಕ್ಷಿಸಿ, “ಏನು ಕೆಲಸ ಮಾಡ್ತೀರಮ್ಮ? ಹೊಗೆ ಇರೋ ಜಾಗವಾ?” ಎಂದು ಕೇಳಿದರು. ಅವಳು ಬಾಯಿ ತೆರೆಯುವ ಮುಂಚೆ ನಾನು ಹೇಳಿದೆ, “ಹೊಲದ ಕೂಲಿ ಸಾ. ಹೊಗೆಸೊಪ್ಪು ಜಾಸ್ತಿ ಆಕ್ತಾಳೆ.” ಟೈರಿನ ಸುದ್ದಿ ಹೊರಬಿದ್ದರೆ ಆಲೆಮನೆ ಮುಚ್ಚಿಸುತ್ತಾರೆಂಬ ಭಯ ನನಗೆ. ಅವಳು ನನ್ನ ಮುಖ ನೋಡಿದಳು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಹೊಗೆಸೊಪ್ಪು ಬಿಡಲು ಹೇಳಿದರು.

ಹೊರಗೆ ಬಂದವಳೇ ಎಲೆಅಡಿಕೆ ಚೀಲವನ್ನು ಚರಂಡಿಗೆ ಎಸೆದಳು. “ನಾಕಕ್ಸರ ಓದಿರೋನು ನೀನು. ನೀನೇಳಿದ್ ಮೇಲೆ ದಿಟವೇ ಇರ್ಬೇಕು. ಇನ್ ಕೆಮ್ಮು ಓಯ್ತದೆ ಬುಡಣ್ಣ,” ಎಂದಳು. ಮಾರನೆಯ ದಿನ ಮತ್ತೆ ಗುಂಡಿಗೆ ಇಳಿದಳು. ನಾನು ತಡೆಯಲಿಲ್ಲ.

ಕೊನೆಯ ವರ್ಷ ಅವಳಿಗೆ ಮಲಗಲು ಆಗುತ್ತಿರಲಿಲ್ಲ. ಜಗಲಿಯ ಗೋಡೆಗೆ ಒರಗಿ, ಕೂತೇ ನಿದ್ದೆ ಮಾಡುತ್ತಿದ್ದಳು. ನಾನು ನೋಡಲು ಹೋದರೆ, “ಬಾಯೆಲ್ಲ ಸಪ್ಪೆ ಕಣಣ್ಣ, ಒಂದೆಲೆ ಆಕ್ಕೊಳ್ಲಾ?” ಎಂದು ಮಗುವಿನಂತೆ ಕೇಳುತ್ತಿದ್ದಳು. ನಾನು ಬೇಡ ಎನ್ನುತ್ತಿದ್ದೆ. ಆಗಲೂ ಬೇಡ ಎಂದೆ... ಒಂದು ಬೆಳಿಗ್ಗೆ ಕೂತಲ್ಲೇ ಹೋಗಿದ್ದಳು.

ಈಗ ಆಲೆಮನೆ ಇಲ್ಲ. ಗುಂಡಿ ಮುಚ್ಚಿಸಿ ಅದರ ಮೇಲೆ ಹಸು ಕಟ್ಟುತ್ತೇವೆ. ಮೆಟ್ಟಿಲು ಹತ್ತಿದರೆ ನನಗೂ ಉಸಿರು ಕಟ್ಟುತ್ತದೆ. ಹೋದ ವಾರ ಶ್ರೀರಂಗಪಟ್ಟಣಕ್ಕೆ ಹೋದದ್ದೂ ಡಾಕ್ಟರಿಗೆ ತೋರಿಸಲಿಕ್ಕೇ. ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ಅವರು ಕೇಳಿದರು. “ಆಲೆಮನೆ ಸಾ. ಟೈರು ಉರಿಸ್ತಿದ್ವಿ,” ಎಂದೆ. ಅವರು ಕೇಳದ್ದನ್ನೂ ಹೇಳಿದೆ. ನನ್ನ ಎದೆಯ ಸರದಿ ಬಂದಾಗ ನಿಜ ಎಷ್ಟು ಸಲೀಸಾಗಿ ಬಾಯಿಗೆ ಬಂತು.

ತಪ್ಪಾಯಿತು ಎಂದು ಅವಳಿಗೆ ಒಮ್ಮೆಯೂ ಹೇಳಲಿಲ್ಲ. ಅವಳು, ತಂಗಿ ಎಂದಷ್ಟೇ ಬರೆದು ಇಲ್ಲಿಯೂ ಮುಚ್ಚಿಡುವುದು ಬೇಡ. ಅವಳ ಹೆಸರು ನಿಂಗಮ್ಮ.