ಪೈಪಿನ ಮೇಲೆ ಅಪ್ಪನ ಹಲ್ಲು

“ಅದನ್ನು ಉಜ್ಜಬೇಡಿ ಮಾರಾಯ್ರೆ!” ಎನ್ನುತ್ತಾ ಕಾಪುವಿನ ಸುಮತಿಯಕ್ಕ ನನ್ನ ಕೈಯನ್ನೇ ಹಿಡಿದುಬಿಟ್ಟರು.

ತೀರಿಹೋದ ತಂದೆಯ ತಂಬಾಕು ಪೈಪನ್ನು ರಿಪೇರಿಗೆಂದು ಅವರು ಮಣಿಪಾಲದ ನಮ್ಮ ಮನೆಗೆ ತಂದಿದ್ದರು. ಹಳೆಯ ಪೈಪುಗಳಿಗೆ ಹೊಳಪು ಕೊಡುವುದು ನನ್ನ ಹವ್ಯಾಸ. ಒಳಗಿನ ಕರಿ ಕೆರೆದು, ಮರಕ್ಕೆ ಮೇಣ ಹಚ್ಚಿ, ಬೆಳ್ಳಿ ಪಟ್ಟಿಯ ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿ, “ನೂರು ವರ್ಷದ್ದಿರಬಹುದು” ಎಂದು ಜಂಬದಿಂದ ಹೇಳಿಯೂ ಆಗಿತ್ತು. ಬಾಯಿಗಿಡುವ ತುದಿಯಲ್ಲಿದ್ದ ಎರಡು ಗುಳಿಗಳನ್ನು ಪಾಲಿಶ್ ಪೇಪರಿನಿಂದ ಸಮ ಮಾಡುವುದಷ್ಟೇ ಬಾಕಿ.

“ಅದು ಅಪ್ಪನ ಹಲ್ಲಿನ ಗುರುತು. ಎಡಗಡೆಯದ್ದು ಮೊದಲಿನದ್ದು. ನನ್ನ ಮದುವೆಗೆ ಚಪ್ಪರ ಹಾಕುವಾಗ ಏಣಿಯಿಂದ ಬಿದ್ದು ಆ ಹಲ್ಲು ಹೋಯಿತು. ಅದಾದ ಮತ್ತೆ ಬಲಗಡೆಯಲ್ಲೇ ಕಚ್ಚಿದ್ದು. ನೋಡಿ, ಫೋಟೊ ಉಂಟು.”

ಮೊಬೈಲಿನಲ್ಲಿ ಮದುಮಗಳ ಪಕ್ಕ ನಿಂತ ಅಪ್ಪ, ಹಲ್ಲಿಲ್ಲದ ಸಂದು ಕಾಣುವಂತೆ ನಗುತ್ತಿದ್ದರು. ಬಾಯಿಯ ಬಲ ಮೂಲೆಯಲ್ಲಿ ಇದೇ ಪೈಪು! ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಗುಳಿಗಳನ್ನು ಹಾಗೆಯೇ ಬಿಟ್ಟೆ. ಈಗ ಯಾರಾದರೂ ಹಳೆಯ ಪೈಪು ತಂದರೆ ಮುದ್ರೆ ಹುಡುಕುವ ಮೊದಲೇ ಕೇಳುತ್ತೇನೆ: “ಸೇದುತ್ತಿದ್ದವರಿಗೆ ಯಾವ ಹಲ್ಲು ಇರಲಿಲ್ಲ?”