ನಳ ಬಂದರೆ ಕಿರುಚುವ ಡಬ್ಬಿ

ನಿಮ್ಮ ಹವ್ಯಾಸವೇನು ಎಂದು ಯಾರಾದರೂ ಕೇಳಿದರೆ ಓದು, ತಿರುಗಾಟ ಎಂದು ಹೇಳಿ ಪಾರಾಗುತ್ತೇನೆ. ನಿಜ ಹೇಳಬೇಕೆಂದರೆ, ಕೆಟ್ಟ ರೇಡಿಯೊಗಳ ಹೊಟ್ಟೆ ಬಗೆದು ಅವುಗಳಿಂದ ವಿಚಿತ್ರ ಸದ್ದು ಹೊರಡಿಸುವುದು ನನ್ನ ಚಟ. ತಿಕೋಟಾದ ಕಚೇರಿಯಿಂದ ಸಂಜೆ ಮನೆಗೆ ಬಂದು ತಂತಿಗಳ ನಡುವೆ ಕೂತೆನೆಂದರೆ, ಹೆಂಡತಿ ಶಾರದಾ ಟಿವಿಯ ದನಿ ಏರಿಸುತ್ತಾಳೆ. ಅವಳ ಪ್ರಕಾರ ನಾನು ಇದುವರೆಗೆ ತಯಾರಿಸಿದ್ದೆಲ್ಲ ಬೇರೆ ಬೇರೆ ತಳಿಯ ಕಪ್ಪೆಗಳು.

ಈ ಸದ್ದಿನ ವಿದ್ಯೆ ಬಹಳ ಸರಳ. ವಿದ್ಯುತ್ತನ್ನು ಬಿಡುವುದು, ತಡೆಯುವುದು, ಮತ್ತೆ ಬಿಡುವುದು. ಈ ಆಟ ನಿಧಾನವಾದರೆ ಸ್ಪೀಕರು ಟಕ್ ಟಕ್ ಎನ್ನುತ್ತದೆ, ಚುರುಕಾದರೆ ಕಿರುಚುತ್ತದೆ. ದೇವರು ಜೀರುಂಡೆಗೆ ಕಲಿಸಿದ್ದೂ ಬಹುಶಃ ಇಷ್ಟೇ. ಎರಡು ತಂತಿಯ ತುದಿಗಳನ್ನು ಬಿಡಿಯಾಗಿಟ್ಟು, ಅವುಗಳಿಗೆ ನೀರು ತಾಕಿದಾಗ ಮಾತ್ರ ಕಿರುಚುವಂತೆಯೂ ಮಾಡಬಹುದು. ಇದು ಹೊಳೆದದ್ದೇ ನನ್ನ ಮಾನ ಹೋಗಲು ಕಾರಣವಾಯಿತು.

ವಿಜಯಪುರದಲ್ಲಿ ನಳ ಯಾವ ದಿನ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಯಾವ ಜೋಯಿಸರೂ ಹೇಳಲಾರರು. ಬಂದರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಥಣಿ ರಸ್ತೆಯ ನಮ್ಮ ಓಣಿಯಲ್ಲಿ ಮೊದಲ ಮನೆ ನಮ್ಮದು. ನೀರು ಮೊದಲು ನಮಗೇ ಬರುವುದರಿಂದ ಓಣಿಯನ್ನು ಕೂಗಿ ಎಚ್ಚರಿಸುವ ಕೆಲಸವೂ ನಮ್ಮದೇ. ಗೇಟಿನಲ್ಲಿ ನಿಂತ ಶಾರದಾ, ಕೊನೆಯ ಮನೆಯ ಜುಬೇದಾ ಚಾಚಿ ಓಗೊಡುವ ತನಕ ಒಳಗೆ ಬರುತ್ತಿರಲಿಲ್ಲ. ಯಾರೂ ವಹಿಸಿಕೊಟ್ಟ ಕೆಲಸವಲ್ಲ, ಆದರೆ ನಾವು ಎಂದೂ ತಪ್ಪಿಸಿರಲಿಲ್ಲ.

ನಾನು ಅಂಥ ಕಿರುಚುವ ಡಬ್ಬಿಯೊಂದನ್ನು ಮಾಡಿ, ಅದರ ತಂತಿಗಳನ್ನು ನಳದ ಕೆಳಗಿನ ಬಕೀಟಿನಲ್ಲಿ ಇಳಿಬಿಟ್ಟು ಡಬ್ಬಿಯನ್ನು ಅಡುಗೆಮನೆಯಲ್ಲಿಟ್ಟೆ. ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅದು ಕಿರುಚಿದಾಗ, ಹಡೆದ ತಾಯಿಗೂ ಕೂಸಿನ ಮೊದಲ ಅಳು ಅಷ್ಟು ಇಂಪಾಗಿ ಕೇಳಿಸಿರಲಾರದು. ಶಾರದಾ ಗೇಟಿನ ಕಡೆ ಹೊರಟಳು. ನಾನು ತಡೆದೆ. ಮೊದಲು ಮಾಳಿಗೆಯ ಮೇಲಿನ ನಮ್ಮ ಟಾಕಿ ತುಂಬಲಿ, ಆಮೇಲೆ ಕೂಗಿದರಾಯಿತು ಎಂದು ನಳಕ್ಕೇ ಮೋಟಾರು ಹಚ್ಚಿದೆ. ಮೋಟಾರು ಎಳೆಯುವಷ್ಟು ಹೊತ್ತು ಮುಂದಿನ ಮನೆಗಳಿಗೆ ಹನಿಯೂ ಹೋಗುವುದಿಲ್ಲ. ಅವಳು ನನ್ನ ಮುಖ ನೋಡಿ ಅಡುಗೆಮನೆಗೆ ಹಿಂತಿರುಗಿದಳು. ಟಾಕಿ ತುಂಬಿ ಹರಿಯುವ ಹೊತ್ತಿಗೆ ನಳ ಹೋಗಿಬಿಟ್ಟಿತ್ತು. ಕೂಗುವುದಕ್ಕೆ ಏನೂ ಉಳಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಜುಬೇದಾ ಚಾಚಿ ಖಾಲಿ ಕೊಡ ಹಿಡಿದು ಬಂದರು. ಅಂದು ಅವರ ಮಗಳನ್ನು ನೋಡಲು ಬಬಲೇಶ್ವರದಿಂದ ಗಂಡಿನ ಕಡೆಯವರು ಬರುವವರಿದ್ದರು. ಅಡುಗೆಗೆ ಇರಲಿ, ಬಂದವರ ಕೈಕಾಲಿಗೆ ಕೊಡಲೂ ಮನೆಯಲ್ಲಿ ನೀರಿರಲಿಲ್ಲ.

"ಸರ, ಈ ಸಲ ನಳಾನ ಬರಲಿಲ್ಲ ನೋಡ್ರಿ" ಎಂದು ಹೇಳುತ್ತ ತಲೆಯೆತ್ತಿದರು. ನಮ್ಮ ಟಾಕಿಯಿಂದ ಚೆಲ್ಲಿದ ನೀರು ಇನ್ನೂ ಗೋಡೆಗುಂಟ ಇಳಿಯುತ್ತಿತ್ತು. ಚಾಚಿ ಅದನ್ನು ನೋಡಿದರು. ಕಣ್ಣು ಕೆಳಗಿಳಿಸಿ ಮೆಲ್ಲಗೆ ಅಂದರು: "ಹಳೇ ನೀರ ಇದ್ರ ಕೊಡ್ರಿ, ನಡೀತೈತಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನೇ ಕೊಡದ ಮೇಲೆ ಕೊಡ ಹೊತ್ತು ಅವರ ಬ್ಯಾರಲ್ ತುಂಬಿಸಿ ಬಂದೆ. ಆದರೆ ಇದು ಇವತ್ತಿನ ನೀರೇ ಎಂದು ಹೇಳಲು ಬಾಯಿ ಬರಲಿಲ್ಲ.

ಮರುದಿನ ಡಬ್ಬಿಯನ್ನು ಕಿತ್ತುಕೊಂಡು ಚಾಚಿಯ ಮನೆಗೆ ಹೋದೆ. ತಂತಿಯ ತುದಿಗಳನ್ನು ಅವರ ಬ್ಯಾರಲಿನ ಬಾಯಿಗೆ ಸಿಕ್ಕಿಸಿದೆ. ಅದು ತುಂಬಿ ಡಬ್ಬಿ ಕಿರುಚಿದ್ದು ಓಣಿಯ ಈ ತುದಿಯ ನಮ್ಮ ಮನೆಗೆ ಕೇಳಿದ ಮೇಲೆಯೇ ಮೋಟಾರು ಮುಟ್ಟಬೇಕೆಂದು ನನಗೆ ನಾನೇ ಹಾಕಿಕೊಂಡ ಕಟ್ಟಳೆ. ಚಾಚಿಗೆ ಮಾತ್ರ, ನೀರು ಚೆಲ್ಲಿ ಹಾಳಾಗದಿರಲಿ ಎಂದು ಇದನ್ನು ಹಾಕಿದ್ದೇನೆ ಅಂದೆ. ತಪ್ಪೊಪ್ಪಿಕೊಳ್ಳಲು ಹೋಗಿ ಇನ್ನೊಂದು ಸುಳ್ಳು ಹೇಳಿ ಬರುವ ಜಾಣತನ ಎಲ್ಲರಿಗೂ ಬರುವುದಿಲ್ಲ.

ಸಂಬಂಧ ಕುದುರಿತು. ಮೊನ್ನೆ ಬೀಗರು ಬಂದಾಗ ಚಾಚಿ ನನ್ನನ್ನೂ ಚಹಾಕ್ಕೆ ಕರೆದು, ಎಲ್ಲರಿಗೂ ಡಬ್ಬಿ ತೋರಿಸಿದರು.

"ನಮ್ಮ ಸರ ದೊಡ್ಡ ಮನಸ್ಸಿನವರು. ನಮ್ಮ ಬ್ಯಾರಲ್ ತುಂಬೂತನಕ ತಮ್ಮ ಮೋಟಾರ್ ಹಚ್ಚೂದಿಲ್ರಿ."

ಬೀಗರು ಮೆಚ್ಚಿ ತಲೆದೂಗಿದರು. ಮೋಟಾರಿನ ಸುದ್ದಿಯನ್ನು ನಾನು ಚಾಚಿಗೆ ಎಂದೂ ಹೇಳಿರಲಿಲ್ಲ. ಬೈದಿದ್ದರೆ ಏನಾದರೊಂದು ಸಬೂಬು ಹೇಳಿ ಎದ್ದು ಬರಬಹುದಿತ್ತು. ಹೊಗಳಿಸಿಕೊಂಡು ಕೂತವನು ಎಲ್ಲಿಗೆ ಏಳುವುದು? ಇನ್ನು ಈ ಓಣಿಯಲ್ಲಿ ಇರುವಷ್ಟು ಕಾಲ ನಾನು ದೊಡ್ಡ ಮನಸ್ಸಿನವನಾಗಿಯೇ ಇರಬೇಕಾಗಿದೆ.