ಚಿಕ್ಕಸ್ವಾಮಿಯ ಬಲಗಾಲು, ಪಿಕಪ್ ಇಲ್ಲದ ಕಾರು

ತಾಂಡವಪುರದ ಚಿಕ್ಕಸ್ವಾಮಿ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ, ಒಂದು ಕೋಳಿಯನ್ನೂ ಕೊಲ್ಲದೆ ನಿವೃತ್ತನಾದವನು. ಕೋಳಿಯ ಮಾತನ್ನು ಅವನೇ ಹೇಳಿಕೊಳ್ಳುತ್ತಿದ್ದ. ಒಂದು ನಾಯಿಯ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ನಿವೃತ್ತಿಯ ಮೇಲೆ ಒಂದು ವರ್ಷ ಜಗುಲಿಯಲ್ಲಿ ಕೂತು ಹೆಂಡತಿ ಮುದ್ದಮ್ಮನ ಅಡುಗೆಯಲ್ಲಿ ಕೊಂಕು ತೆಗೆದ, ಹಸುಗಳ ಮೈ ತೊಳೆದ, ರಸ್ತೆಯಲ್ಲಿ ಹಾದುಹೋಗುವ ಬಸ್ಸುಗಳನ್ನು ನೋಡಿ "ಇವ್ನು ಆರ್ ನಿಮ್ಸ ಲೇಟು" ಎಂದು ಗೊಣಗಿದ. ಇನ್ನೊಂದು ವರ್ಷ ಹೀಗೇ ಕೂತಿದ್ದರೆ ಮುದ್ದಮ್ಮನೇ ಅವನನ್ನು ಯಾವುದಾದರೊಂದು ಬಸ್ಸು ಹತ್ತಿಸಿ ಕಳಿಸಿಬಿಡುತ್ತಿದ್ದಳು.

ಅಷ್ಟರಲ್ಲಿ ಅಕ್ಕನ ಮಗ ರವಿಚಂದ್ರ ಕೆಂಪು ಕಾರು ತಂದ. ಅವನ ಮನೆ ನಂಜನಗೂಡಿನಲ್ಲಿ, ಪಂಪ್‌ಸೆಟ್ ಅಂಗಡಿ ತಿ. ನರಸೀಪುರದಲ್ಲಿ. ಮೈಸೂರಿನಲ್ಲಿ ಯಾರೋ ಶೋಕಿಗೆ ಓಡಿಸಿ ಬಿಟ್ಟ ಸ್ಪೋರ್ಟ್ಸ್ ಕಾರು ಅದು: ಎರಡೇ ಬಾಗಿಲು, ಹೊಟ್ಟೆ ನೆಲ ಸವರುವಷ್ಟು ತಗ್ಗು, ಗೇರು ತಾನಾಗಿಯೇ ಬದಲಾಗುವ ಆಟೊಮ್ಯಾಟಿಕ್. ರವಿಚಂದ್ರ ಬೈಕು ಓಡಿಸಿ ಬಿದ್ದೆದ್ದ ದಿನಗಳು ಅವನ ಹೆಂಡತಿ ತೇಜಸ್ವಿನಿಗೆ ಚೆನ್ನಾಗಿ ನೆನಪಿದ್ದವು. "ಕಾರು ಬೇಡ ಅನ್ನಲ್ಲ. ಆದ್ರೆ ನೀವು ಸ್ಟೇರಿಂಗ್ ಮುಟ್ಟೋ ಹಾಗಿಲ್ಲ. ತಾಂಡವಪುರದ ಮಾವ ಓಡಿಸ್ಲಿ," ಎಂದು ಷರತ್ತು ಹಾಕಿದಳು. ಅವರ ಬೀದಿಯಲ್ಲಿ ನಿಲ್ಲಿಸಲು ಜಾಗವಿಲ್ಲದ್ದರಿಂದ ಕಾರು ಚಿಕ್ಕಸ್ವಾಮಿಯ ಹುಲ್ಲಿನ ಶೆಡ್ಡಿಗೇ ಬಂದು ನಿಂತಿತು.

ಅದರೊಳಕ್ಕೆ ಇಳಿದು ಏಳುವುದನ್ನು ಕಲಿಯಲು ಚಿಕ್ಕಸ್ವಾಮಿಗೆ ಎರಡು ದಿನ ಹಿಡಿಯಿತು. ಕ್ಲಚ್ಚಿಲ್ಲವಾದ್ದರಿಂದ ಎಡಗಾಲಿಗೆ ಕೆಲಸವಿರಲಿಲ್ಲ. ಅದನ್ನು ಹಿಂದಕ್ಕೆ ಮಡಚಿಟ್ಟುಕೊಂಡು ಬಲಗಾಲೊಂದರಲ್ಲೇ ಓಡಿಸಿದ. ಒಂದು ಚೂರು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಅರವತ್ತೊಂದರ ವಯಸ್ಸಿನಲ್ಲಿ ಆ ಸುಖ ಅವನಿಗೆ ಬಹಳ ಹಿಡಿಸಿತು. ಮುದ್ದಮ್ಮನ ಮುಂದೆ ಮಾತ್ರ "ಏನೋ, ಅವ್ನ್ ಬಲವಂತ" ಅನ್ನುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾರು ಮಂಕಾಯಿತು. ಸದ್ದು ಮಾಡುತ್ತಿತ್ತು, ಹೊರಡಲು ಮಾತ್ರ ಮೀನಮೇಷ ಎಣಿಸುತ್ತಿತ್ತು. "ಪಿಕಪ್ಪೇ ಇಲ್ಲ ಮಾವ. ನೀವು ಬಸ್ ಓಡಿಸ್ದಂಗೆ ಓಡ್ಸಿ ಓಡ್ಸಿ ಇದೂ ಜಡ ಆಗೋಯ್ತಾ?" ಎಂದು ರವಿಚಂದ್ರ ನಗುತ್ತಲೇ ಕೇಳಿದ. ಚಿಕ್ಕಸ್ವಾಮಿಯೂ ನಕ್ಕ. ಆದರೆ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು.

ಸಂಕ್ರಾಂತಿಗೆ ಒಂದು ವಾರವಿರುವಾಗ, ನರಸೀಪುರದ ದಾರಿಯಲ್ಲಿ, ಹುಲ್ಲು ಹೇರಿಕೊಂಡ ಟ್ರ್ಯಾಕ್ಟರೊಂದು ಮುಂದೆ ತೆವಳುತ್ತಿತ್ತು. ಎದುರಿನ ರಸ್ತೆ ಖಾಲಿಯಿತ್ತು. ಚಿಕ್ಕಸ್ವಾಮಿ ಬಲಕ್ಕೆ ತೆಗೆದು ಕಾಲು ಒತ್ತಿದ. ಕಾರು ಏಳಲಿಲ್ಲ. ಇನ್ನೂ ಒತ್ತಿದ. ಟ್ರ್ಯಾಕ್ಟರಿನ ಅರ್ಧಕ್ಕೆ ಬರುವಷ್ಟರಲ್ಲಿ ತಿರುವಿನಿಂದ ಬಸ್ಸೊಂದು ಲೈಟು ಹಾಕುತ್ತಾ ಬಂದೇಬಿಟ್ಟಿತು. ಬ್ರೇಕು ತುಳಿದು ಮತ್ತೆ ಟ್ರ್ಯಾಕ್ಟರಿನ ಹಿಂದಕ್ಕೆ ನುಸುಳಿಕೊಂಡ. ಬಸ್ಸಿನ ಡ್ರೈವರು ಬೈದುಕೊಂಡು ಹೋದ. ಮೊಬೈಲು ನೋಡುತ್ತಿದ್ದ ರವಿಚಂದ್ರ ತಲೆಯೆತ್ತಿ "ಏನ್ ಮಾವ?" ಎಂದ.

"ಏನಿಲ್ಲ. ಎದುರ್ಗೆ ಬಸ್ಸು ಬಂತು," ಎಂದ ಚಿಕ್ಕಸ್ವಾಮಿ. ಅವನ ಅಂಗಿ ಬೆನ್ನಿಗೆ ಅಂಟಿಹೋಗಿತ್ತು.

ಅವನಿಗೆ ಕಾರಿನ ಮೇಲೆ ಅನುಮಾನ ಬರಲಿಲ್ಲ. ತನ್ನ ಕಾಲಿನ ಮೇಲೆ ಬಂತು. ಅದಕ್ಕೆ ಕಾರಣವಿತ್ತು. ಡಿಪೊದಲ್ಲಿ ಜೊತೆಗಿದ್ದ ಮಹದೇವಯ್ಯನಿಗೆ ಸಕ್ಕರೆ ಕಾಯಿಲೆ ಏರಿ ಪಾದದ ಸ್ಪರ್ಶವೇ ಹೋಗಿತ್ತು. ಒಂದು ದಿನ ಬ್ರೇಕು ತುಳಿದೆನೆಂದುಕೊಂಡು ಏನನ್ನೂ ತುಳಿಯದೆ ಬಸ್ಸನ್ನು ಮೋರಿಯ ಕಟ್ಟೆಗೆ ಗುದ್ದಿಸಿದ್ದ. ಪುಣ್ಯಕ್ಕೆ ಯಾರೂ ಸಾಯಲಿಲ್ಲ, ಆದರೆ ಮಹದೇವಯ್ಯ ಆಮೇಲೆ ಸೈಕಲ್ಲನ್ನೂ ಮುಟ್ಟಲಿಲ್ಲ. ಚಿಕ್ಕಸ್ವಾಮಿಗೂ ಸಕ್ಕರೆ ಬಂದು ಹನ್ನೊಂದು ವರ್ಷವಾಗಿತ್ತು. ಆರು ತಿಂಗಳಿಂದ ಬೆರಳುಗಳಲ್ಲಿ ಜುಮ್ಮೆನ್ನುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಪೂರ್ತಿ ಒತ್ತುತ್ತಿದ್ದೇನೆ ಅಂದುಕೊಂಡು ನಾನು ಅರ್ಧವೇ ಒತ್ತುತ್ತಿದ್ದೇನೋ ಏನೋ, ಎಂಬ ಯೋಚನೆ ಬಂದದ್ದೇ ಅವನ ಜೀವ ಹಿಂಡಿತು. ಗಾಡಿ ಓಡಿಸುವುದು ಬಿಟ್ಟರೆ ತನಗೆ ಮತ್ತೇನೂ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಜಗುಲಿಯ ಆ ಒಂದು ವರ್ಷ ಹೇಗಿತ್ತೆಂಬುದೂ ಗೊತ್ತಿತ್ತು.

ಮರುದಿನ ಮಧ್ಯಾಹ್ನ ಪೊರಕೆಯಿಂದ ಒಂದು ಕಡ್ಡಿ ಕಿತ್ತು ತನ್ನ ಅಂಗಾಲಿಗೆ ಚುಚ್ಚಿಕೊಂಡು ನೋಡಿದ. ತಿಳಿಯುತ್ತಿತ್ತು. ಆದರೆ ತಿಳಿಯಬೇಕಾದಷ್ಟು ತಿಳಿಯುತ್ತಿದೆಯೇ? ಹೋಲಿಸಲು ಎಡಗಾಲಿತ್ತು, ಅದೂ ಅದೇ ಸಕ್ಕರೆಯ ಕಾಲು. ಕೊನೆಗೆ ಊಟ ಮಾಡಿ ಚಾಪೆಯ ಮೇಲೆ ಅಡ್ಡಾಗಿದ್ದ ಮುದ್ದಮ್ಮನ ಪಾದಕ್ಕೆ ಅಷ್ಟೇ ಮೆಲ್ಲಗೆ ಮುಟ್ಟಿಸಿದ. ಅವಳು ಝಾಡಿಸಿ ಒದ್ದಳು.

"ಏನ್ ಬಂದದೆ ನಿಮ್ಗೆ ಈ ವಯ್ಸಲ್ಲಿ?" ಎಂದು ಎದ್ದು ಕೂತಳು.

"ಸೊಳ್ಳೆ ಕೂತಿತ್ತು," ಎಂದು ಅವನು ಎದ್ದುಹೋದ. ತನ್ನ ಕಾಲು ಹಾಗೆ ಒದ್ದಿರಲಿಲ್ಲವಲ್ಲ ಎಂಬುದೊಂದೇ ಅವನ ತಲೆಯಲ್ಲಿ ಕೂತಿತು.

ಸೋಮವಾರ ನರಸೀಪುರದ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಕೀಯನ್ನು ರವಿಚಂದ್ರನ ಕೈಗಿಟ್ಟ. "ನಾಳಿಂದ ಬೇರೆಯೋರ್ನ ನೋಡ್ಕೊ ಕಣಪ್ಪ. ನಂಗಾಗಕಿಲ್ಲ."

ರವಿಚಂದ್ರ ಪೆಚ್ಚಾದ. ತಾನು ಆಡಿದ ಬಸ್ಸಿನ ಮಾತಿಗೆ ಮಾವ ಮುನಿಸಿಕೊಂಡಿದ್ದಾನೆಂದು ತಿಳಿದ. "ತಮಾಷೆಗೆ ಅಂದೆ ಮಾವ. ಗಾಡಿಗೇ ಏನೋ ಆಗಿದೆ. ಮೈಸೂರಿನ ವರ್ಕ್‌ಶಾಪಿನವರು ಫೋನಲ್ಲೇ ಗೇರ್‌ಬಾಕ್ಸ್ ಬಿಚ್ಬೇಕು ಅಂತಾರೆ. ಅಲ್ಲಿಗೆ ಬಿಡೋ ಮುಂಚೆ ದೇವಯ್ಯಂಗೆ ಒಂದ್ಸಲ ತೋರಿಸ್ಬಿಡಾಣ, ಅಲ್ಲೀವರ್ಗಾದ್ರೂ ಓಡಿಸ್ಕೊಂಡ್ ಬನ್ನಿ."

ದೇವಯ್ಯ ನಂಜನಗೂಡಿನಲ್ಲಿ ಟ್ರ್ಯಾಕ್ಟರು, ಪಂಪ್‌ಸೆಟ್ಟು ರಿಪೇರಿ ಮಾಡುವವನು, ಚಿಕ್ಕಸ್ವಾಮಿಯನ್ನು ಅಣ್ಣ ಎನ್ನುವವನು. ಕಾರಿನ ಸುತ್ತ ಒಂದು ಸುತ್ತು ಬಂದು, "ಆಟೊಮ್ಯಾಟಿಕ್ ಗೀಟೊಮ್ಯಾಟಿಕ್ ನಂಗ್ ಗೊತ್ತಿಲ್ಲ, ಮೊದ್ಲೇ ಏಳ್ಬುಡ್ತೀನಿ," ಎಂದ. ಆಮೇಲೆ ಇಂಜಿನ್ ಆಫ್ ಮಾಡಿಸಿ, ಚಿಕ್ಕಸ್ವಾಮಿಯನ್ನು ಸೀಟಿನಲ್ಲಿ ಕೂರಿಸಿ, ತಾನು ಬಾಗಿಲ ಬಳಿ ಮಂಡಿಯೂರಿ ಒಳಗೆ ತಲೆ ಹಾಕಿದ.

"ಒತ್ತಣ್ಣ."

ಚಿಕ್ಕಸ್ವಾಮಿ ಮನೆದೇವರನ್ನು ನೆನೆದು ಒತ್ತಿದ.

"ಊಂ, ತಳ ಮುಟ್ತು. ಬುಡು."

"ಸರ್ಯಾಗಿ ನೋಡಿದ್ಯೇನ್ಲಾ?"

"ಇದ್ರಲ್ಲಿ ನೋಡಾಕೆ ಏನದೆ? ಪೂರ್ತಿ ತಳ ಮುಟ್ತು."

"ಇನ್ನೊಂದ್ ಕಿತ ಒತ್ತೀನಿ, ನೋಡು."

ಮೂರು ಸಲ ಒತ್ತಿದ. ಮೂರು ಸಲವೂ ತಳ ಮುಟ್ಟಿತು. ಮೂರನೆಯ ಸಲಕ್ಕೆ ದೇವಯ್ಯನಿಗೆ ರೇಗಿ, ಎದ್ದುಹೋಗಿ ಬಾನೆಟ್ ಎತ್ತಿದ. ಯಾವ ಇಂಜಿನ್ನಾದರೂ ಉಸಿರಾಡಲೇಬೇಕು ಎಂಬುದು ಅವನ ವಿದ್ಯೆಯ ಮೊದಲ ಪಾಠ. ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಕೈಹಾಕಿದವನು ಒಳಗಿನಿಂದ ಒಂದು ಬಟ್ಟೆಯ ಗಂಟನ್ನು ಎಳೆದು ಹೊರಗಿಟ್ಟ. ಹಸಿರು ಹೂವಿನ ಹಳೇ ಸೀರೆಯ ತುಂಡು, ಒಳಗೆ ಪುಡಿಯಾದ ಹೊಗೆಸೊಪ್ಪು, ಒಣಗಿದ ಬೇವು. ಅದರ ಹಿಂದಿನ ಫಿಲ್ಟರಿನ ತುಂಬ ಅದೇ ಪುಡಿ ಮೆತ್ತಿಕೊಂಡಿತ್ತು.

ಸೀರೆಯನ್ನು ಚಿಕ್ಕಸ್ವಾಮಿ ತಕ್ಷಣ ಗುರುತಿಸಿದ. ಮಳೆಗಾಲದಲ್ಲಿ ಶೆಡ್ಡಿಗೆ ಇಲಿಗಳು ಬಂದು ವೈರು ಕಡಿದಾವೆಂದು ಮುದ್ದಮ್ಮ ಕಟ್ಟಿಕೊಟ್ಟ ಗಂಟು ಅದು. ಹೊಗೆಸೊಪ್ಪಿನ ಘಾಟಿಗೆ ಇಲಿ ಹತ್ತಿರ ಸುಳಿಯುವುದಿಲ್ಲ. ಕಾರು ಕುಲುಕಿದರೂ ಬೀಳದಂಥ ಜಾಗ ಹುಡುಕಿ, ಸುಮ್ಮನೆ ಬಾಯಿ ತೆರೆದುಕೊಂಡಿದ್ದ ಕೊಳವೆಯೊಳಕ್ಕೆ ತುರುಕಿದವನು ಅವನೇ.

ದೇವಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೂವತ್ತೊಂದ್ ವರ್ಸ ಬಸ್ ಓಡ್ಸಿದ್ಯಲ್ಲಣ್ಣ, ಒಂದಿನಾನೂ ಬಾನೆಟ್ ಎತ್ತಿ ನೋಡಿಲ್ವಾ?"

"ಎತ್ತಿದ್ರೆ ಮೆಮೊ ಕೊಡೋರು ಕಣೋ. ಡ್ರೈವರ್ ಆದೋನು ಕಂಪ್ಲೇಂಟ್ ಬುಕ್ಕಲ್ಲಿ ಬರೀಬೇಕು, ಎತ್ತೋರು ಮೆಕ್ಯಾನಿಕ್ಕು."

ಹೇಳಿದ್ದು ನಿಜ. ಡಿಪೊದ ಆ ಶಿಸ್ತನ್ನು ಅವನು ಒಂದು ದಿನವೂ ಮೀರಿರಲಿಲ್ಲ. ಗೇರ್‌ಬಾಕ್ಸ್ ಬಿಚ್ಚುವುದು ತಪ್ಪಿತೆಂದು ರವಿಚಂದ್ರ ಹಗುರಾಗಿ ನಗುತ್ತಿದ್ದ. ಚಿಕ್ಕಸ್ವಾಮಿ ಮಾತ್ರ ಅಲ್ಲಿದ್ದ ಟ್ರ್ಯಾಕ್ಟರ್ ಟೈರಿನ ಮೇಲೆ ಕೂತು ಹೆಗಲ ಟವಲಿನಿಂದ ಕಣ್ಣೊರೆಸಿಕೊಂಡ. ಇಬ್ಬರೂ ನಗು ನಿಲ್ಲಿಸಿದರು.

"ಬೇಜಾರ್ ಮಾಡ್ಕೊಂಡ್ರಾ ಮಾವ? ಇಷ್ಟಕ್ಕೆಲ್ಲ..."

"ಬೇಜಾರಲ್ಲ ಕಣೋ. ಕಾಲೇ ಓಗ್ಬುಟ್ಟದೆ ಅನ್ಕಂಡಿದ್ದೆ," ಎಂದು, ಮಹದೇವಯ್ಯನ ಕಥೆಯಿಂದ ಹಿಡಿದು ಬೆರಳಿನ ಜುಮ್ಮಿನವರೆಗೆ ಎಲ್ಲವನ್ನೂ ಹೇಳಿಬಿಟ್ಟ. ಹೇಳುತ್ತಾ ಹೇಳುತ್ತಾ ಎದೆಯ ಮೇಲಿನ ಭಾರ ಇಳಿಯಿತು. ಅಂದು ರಸ್ತೆಯಲ್ಲಿ ಸತ್ತುಹೋದದ್ದು ಕಾರಿನ ಉಸಿರೇ ಹೊರತು ತನ್ನ ಕಾಲಲ್ಲ. ಅಷ್ಟು ಸಂತೋಷ ಅವನಿಗೆ ಪೆನ್ಷನ್ ಮಂಜೂರಾದ ದಿನವೂ ಆಗಿರಲಿಲ್ಲ.

ಫಿಲ್ಟರು ಬದಲಾದ ಮೇಲೆ ರವಿಚಂದ್ರ ಕೀ ಚಾಚಿದ. ಚಿಕ್ಕಸ್ವಾಮಿ ಕೈ ಮುಂದೆ ಮಾಡಿ ಮತ್ತೆ ಹಿಂದಕ್ಕೆಳೆದುಕೊಂಡ. "ಈಗ್ಲೇ ಬ್ಯಾಡ. ಜುಮ್ಮನ್ನೋದಂತೂ ನಿಜ ಅಲ್ವಾ? ಡಾಕ್ಟ್ರು ಒಂದ್ ಮಾತು ಏಳ್ಲಿ." ದೇವಯ್ಯನೇ ಕಾರನ್ನು ತಾಂಡವಪುರಕ್ಕೆ ತಂದುಬಿಟ್ಟ. ವಿಷಯ ಕೇಳಿದ ಮುದ್ದಮ್ಮ ಮೊದಲು ಬೈದಳು, ಆಮೇಲೆ ಅತ್ತಳು, ಮರುದಿನ ಬೆಳಿಗ್ಗೆ ಗಂಡನನ್ನು ಬಸ್ಸು ಹತ್ತಿಸಿಕೊಂಡು ನಂಜನಗೂಡಿನ ಡಾಕ್ಟರ್ ಸುಚೇತಾ ಅವರ ಕ್ಲಿನಿಕ್ಕಿಗೆ ಬಂದಳು.

ಡಾಕ್ಟರು ಅವನನ್ನು ಮಲಗಿಸಿ ಒಂದು ನೈಲಾನ್ ಎಳೆ ತೋರಿಸಿದರು. "ಕಣ್ಣು ಮುಚ್ಕೊಳ್ಳಿ. ಇದು ಪಾದಕ್ಕೆ ತಾಗಿದಾಗ ಹೂಂ ಅನ್ನಿ."

ಪರೀಕ್ಷೆ ಪಾಸು ಮಾಡುವ ದಾರಿ ಚಿಕ್ಕಸ್ವಾಮಿಗೆ ಗೊತ್ತಿಲ್ಲದ್ದಲ್ಲ. ಸರ್ವಿಸಿನಲ್ಲಿ ಕಣ್ಣಿನ ಪರೀಕ್ಷೆಗೆ ಹೋದಾಗ ಮುಂದಿನವನು ಓದಿದ ಅಕ್ಷರಗಳನ್ನು ಕೇಳಿ ಬಾಯಿಪಾಠ ಮಾಡಿಕೊಂಡು ನಿಲ್ಲುವುದು ಡ್ರೈವರುಗಳ ವಾಡಿಕೆ, ಅವನೂ ಮಾಡಿದ್ದ. ಇಲ್ಲಿಯೂ ಉಸಿರು ಎಳೆದು ಬಿಡುವಷ್ಟು ಹೊತ್ತಿಗೊಂದು ಹೂಂ ಅಂದರೆ ಮುಗಿಯುತ್ತಿತ್ತು. ಹಾಗೆಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ. ರವಿಚಂದ್ರ ಆ ಕಾರಿನಲ್ಲಿ ಕೂರುವವನು. ತೇಜಸ್ವಿನಿ ನಂಬಿ ಕಳಿಸುವವಳು. ತಾಗಿದ್ದು ತಿಳಿದಾಗ ಮಾತ್ರ ಹೂಂ ಅಂದ. ತಿಳಿಯದಾಗ, ಎಷ್ಟು ಭಯವಾದರೂ, ಬಾಯಿ ಬಿಗಿಹಿಡಿದು ಮಲಗಿದ. ನಡುವೆ ಎರಡು ಸಲ ಬಹಳ ಹೊತ್ತು ಏನೂ ತಿಳಿಯಲಿಲ್ಲ. ಆಯಿತು, ನನ್ನ ಕಥೆ ಮುಗಿಯಿತು ಅಂದುಕೊಂಡ.

"ಕಣ್ಣು ಬಿಡಿ," ಎಂದರು ಡಾಕ್ಟರು. "ಬಲಗಾಲಲ್ಲಿ ಹತ್ತು ಕಡೆ ಮುಟ್ಟಿದೆ, ಒಂಬತ್ತು ಸರಿಯಾಗಿ ಹೇಳಿದ್ರಿ. ಹೆಬ್ಬೆರಳ ತುದೀಲಿ ಮಾತ್ರ ಸ್ವಲ್ಪ ಮಂದ ಇದೆ. ಸಕ್ಕರೆ ಹಿಡಿತದಲ್ಲಿಟ್ಕೊಳ್ಳಿ, ಆರು ತಿಂಗಳಿಗೊಮ್ಮೆ ಬಂದು ತೋರಿಸ್ಕೊಳ್ಳಿ."

"ನಡ್ವೆ ಎಲ್ಡು ಸಲ ಏನೂ ಗೊತ್ತಾಗ್ಲಿಲ್ವಲ್ಲ ಮೇಡಂ?"

"ಆಗ ನಾನು ಮುಟ್ಟಿರಲಿಲ್ಲ. ಸುಮ್ನೆ ಹೂಂ ಅಂತಾರಾ ಅಂತ ನೋಡ್ದೆ. ನೀವು ಅನ್ನಲಿಲ್ಲ."

"ಗಾಡಿ?"

"ಓಡಿಸಿ."

ಮುದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಚಪ್ಪಲಿಯನ್ನು ಅವನ ಕಾಲಬಳಿ ತಂದಿಟ್ಟಳು. ಅವನು ಏಳಲಿಲ್ಲ.

"ಇನ್ನೊಂದ್ ಕಿತ ಮುಟ್ಟಿ ಮೇಡಂ," ಎಂದ.

ಡಾಕ್ಟರು ನಕ್ಕು, ಎಳೆಯನ್ನು ಅವನ ಅಂಗಾಲಿನ ನಡುವೆ ಇಟ್ಟರು. ಈ ಸಲ ಅವನು ಕಣ್ಣು ಮುಚ್ಚಲಿಲ್ಲ. ಯಾರೂ ಕೇಳದಿದ್ದರೂ ಹೂಂ ಅಂದ.